ಕೆಲಸ ಇತ್ತು, ಹಂಗೇ ಹೋಗಿದ್ವಿ

ಮಾಯಕೊಂಡದ ಬಸ್‌ಸ್ಟ್ಯಾಂಡಿನಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು, ಹೆಂಡತಿ ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಕೈಯಲ್ಲೊಂದು ಬುತ್ತಿಚೀಲ ಹಿಡಿದು ನಿಂತವನನ್ನು ಊರು ಸುಮ್ಮನೆ ಬಿಡುವುದಿಲ್ಲ. "ಎಲ್ಲಿಗ್ ಹೊಂಟ್ರಿ?" ಈ ಪ್ರಶ್ನೆಗೆ ನಮ್ಮಲ್ಲಿ ಮಾನ್ಯವಾದ ಉತ್ತರಗಳು ಕೆಲವೇ. ದಾವಣಗೆರೆಗೆ, ಆಸ್ಪತ್ರೆಗೆ. ದಾವಣಗೆರೆಗೆ, ಮದುವೆ ಬಟ್ಟೆ ತರಕ್ಕೆ. ಯಾರೋ ತೀರಿಕೊಂಡ್ರು, ಮಣ್ಣಿಗೆ. ಇವುಗಳಲ್ಲಿ ಒಂದನ್ನು ಹೇಳಿದರೆ ಕೇಳಿದವರಿಗೆ ಸಮಾಧಾನ, ನಿಮಗೆ ಬಿಡುಗಡೆ. ಅದು ಬಿಟ್ಟು "ಸುಮ್ನೆ, ಹಂಗೇ ಒಂದಿಷ್ಟು ನೋಡ್ಕೊಂಡ್ ಬರಕ್ಕೆ" ಅಂದಿರೋ, ಕೆಟ್ಟಿರಿ. ಸಂಜೆ ಎಮ್ಮೆ ಹಾಲು ಕರೆಯುವ ಹೊತ್ತಿಗೆ ನೀವು ಗುಟ್ಟಾಗಿ ಹೊಲ ಮಾರಿದ್ದೀರಿ, ಇಲ್ಲವೇ ತಂಗಿಗೆ ಗಂಡು ನೋಡಿ ಊರಿಗೆ ಹೇಳದೆ ಮುಚ್ಚಿಟ್ಟಿದ್ದೀರಿ ಎಂಬ ಸುದ್ದಿ ತಯಾರಾಗಿರುತ್ತದೆ.

ಇದರಲ್ಲಿ ಊರಿನ ತಪ್ಪೇನಿಲ್ಲ. ಮೆಕ್ಕೆಜೋಳ, ಅಡಿಕೆ, ಎಮ್ಮೆ, ಈ ಮೂರರಲ್ಲಿ ಯಾವುದೊಂದಿದ್ದರೂ ಮನುಷ್ಯನಿಗೆ ರಜೆ ಎಂಬುದಿಲ್ಲ. ಭಾನುವಾರ ಬಂದಿದ್ದು ಎಮ್ಮೆಗೆ ಗೊತ್ತಾಗುವುದಿಲ್ಲ. ಹೀಗಾಗಿ ನಮ್ಮ ಮನೆಯಲ್ಲಿ ಪ್ರವಾಸವೆಂಬ ಬಾಬ್ತಿಗೆ ಇವತ್ತಿನವರೆಗೂ ಒಂದು ಪೈಸೆ ಖರ್ಚು ಬಿದ್ದಿಲ್ಲ. ಆದರೆ ಸುತ್ತಲಿನ ನೋಡತಕ್ಕ ಜಾಗಗಳಲ್ಲಿ ಮುಕ್ಕಾಲು ಪಾಲು ನೋಡಿದ್ದೇವೆ. ಎಲ್ಲವೂ ಕೆಲಸದ ಲೆಕ್ಕದಲ್ಲಿ.

ನೆಪದ ಖಾತೆ ಅಮ್ಮನದು. ಅದನ್ನು ಅವಳು ಬಹಳ ದೂರದೃಷ್ಟಿಯಿಂದ ನಿರ್ವಹಿಸುತ್ತಾಳೆ. ಅವಳ ಸೋದರತ್ತೆಯ ಮಗ ಒಬ್ಬರು ಸಂತೇಬೆನ್ನೂರಿನಲ್ಲಿದ್ದಾರೆ. ಬೇಸಿಗೆಯಲ್ಲಿ ಅವರು ಬದುವಿನ ಮೇಲಿಂದ ಜಾರಿ ಕಾಲು ಉಳುಕಿಸಿಕೊಂಡರು. ಫೋನ್ ಬಂತು. ಅಮ್ಮ "ಅಯ್ಯೋ ಪಾಪ" ಎಂದಳು, ಅಷ್ಟೇ. ಹೋಗುವ ಮಾತೆತ್ತಲಿಲ್ಲ. ಮೊಮ್ಮಕ್ಕಳಿಗೆ ದಸರಾ ರಜೆ ಶುರುವಾದ ದಿನ ಬೆಳಿಗ್ಗೆ ಎದ್ದವಳೇ, "ಅವನ ಕಾಲು ಏನಾಯ್ತೋ ಏನೋ, ಹೋಗಿ ಮಾತಾಡ್ಸದಿದ್ರೆ ನಾಳೆ ಮಾತು ಬರುತ್ತೆ" ಎಂದು ರೊಟ್ಟಿ ತಟ್ಟಲು ಕೂತಳು. ಅಷ್ಟು ಹೊತ್ತಿಗೆ ಆ ಕಾಲು ಸಂಪೂರ್ಣ ವಾಸಿಯಾಗಿ, ಅದರ ಯಜಮಾನರು ಅಡಿಕೆ ಮರ ಹತ್ತಿ ಇಳಿಯುತ್ತಿದ್ದರು.

ದಾವಣಗೆರೆಯಲ್ಲಿರುವ ನನ್ನ ಷಡ್ಡಕರ ಸಿದ್ಧಾಂತವೇ ಬೇರೆ. ಅವರ ಪ್ರಕಾರ ಪ್ರವಾಸವೆಂದರೆ ಮನೆಯಿಂದ ಕನಿಷ್ಠ ಐನೂರು ಕಿಲೋಮೀಟರ್ ದೂರ ಹೋಗಿ, ಅಲ್ಲಿ ದಾವಣಗೆರೆಯವರೇ ಇನ್ನೊಬ್ಬರು ಸಿಕ್ಕರೆ ಖುಷಿಪಟ್ಟು, ಅವರ ಜೊತೆ ಫೋಟೊ ತೆಗೆಸಿಕೊಂಡು ಬರುವುದು. ಗೋವಾ ಆಗಿದೆ, ಊಟಿ ಆಗಿದೆ, ದುಬೈ ಕೂಡ ಆಗಿದೆ. ಊರಿಗೆ ನೆಂಟರು ಬಂದರೆ ಮಾತ್ರ ಅವರ ಹತ್ತಿರ ಒಂದು ಸ್ಥಳೀಯ ಕಾರ್ಯಕ್ರಮವಿದೆ. ಬೆಳಿಗ್ಗೆ ಕುಂದುವಾಡ ಕೆರೆಯ ಏರಿ ಮೇಲೆ ಒಂದು ವಾಕ್. ಆಮೇಲೆ ಗಾಜಿನ ಮನೆ, ಅಲ್ಲಿ ನಿಂತು "ಲಾಲ್‌ಬಾಗಿನದಕ್ಕಿಂತ ದೊಡ್ಡದು" ಎಂಬ ಒಂದು ಹೇಳಿಕೆ. ಆಮೇಲೆ ಬೆಣ್ಣೆ ದೋಸೆ. ಸಂಜೆ ಖಾರ ಮಂಡಕ್ಕಿ, ಮಿರ್ಚಿ. ರಾತ್ರಿ ನೆಂಟರನ್ನು ರೈಲು ಹತ್ತಿಸಿ, "ಇನ್ನೇನೈತ್ರೀ ನಮ್ಮೂರಾಗೆ ನೋಡಕ್ಕೆ" ಎನ್ನುತ್ತ ಮನೆಗೆ ಬರುತ್ತಾರೆ. ಈ ಮಾತನ್ನು ದಾವಣಗೆರೆಯಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಹೇಳುತ್ತಾರೆ. ಹತ್ತನೆಯವನು ದೋಸೆ ತಿನ್ನುತ್ತಿರುತ್ತಾನೆ, ಬಾಯಿ ಖಾಲಿ ಇರುವುದಿಲ್ಲ.

ಹೀಗಾಗಲು ಕಾರಣವೂ ಇದೆ. ನಮ್ಮದು 1997ರಲ್ಲಿ ಹುಟ್ಟಿದ ಜಿಲ್ಲೆ. ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ ಬಂದವು, ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ. ಮೂರು ಮನೆಯ ಪಾತ್ರೆಗಳು ಒಂದು ಅಡುಗೆಮನೆಗೆ ಬಂದು ಬಿದ್ದ ಹಾಗೆ. ಯಾವ ಪಾತ್ರೆ ಯಾವ ಗೂಡಿನಲ್ಲಿದೆ ಅಂತ ಮನೆಯವರಿಗೇ ಗೊತ್ತಿಲ್ಲ. ಗೊತ್ತಾಗುವ ಹೊತ್ತಿಗೆ ಹರಪನಹಳ್ಳಿ ವಾಪಸು ಹೋಯಿತು. ಅದರ ಜೊತೆ ಉಚ್ಚಂಗಿದುರ್ಗವೂ ಹೋಯಿತು. ನಮ್ಮ ಕಡೆಯವರು ತಲೆತಲಾಂತರದಿಂದ ನಡೆದುಕೊಳ್ಳುವ ಉಚ್ಚಂಗಮ್ಮ ತನ್ನ ಗುಡ್ಡ ಬಿಟ್ಟು ಒಂದಿಂಚು ಆಚೀಚೆ ಕದಲಿದವಳಲ್ಲ. ಆದರೂ ನಾನು ನೋಡನೋಡುತ್ತಲೇ ಬಳ್ಳಾರಿಯಿಂದ ದಾವಣಗೆರೆಗೆ, ದಾವಣಗೆರೆಯಿಂದ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಜಿಲ್ಲೆ ಬದಲಿಸಿದ್ದಾಳೆ. ಮನೆಯಲ್ಲಿ ಕೂತೇ ಅಷ್ಟು ತಿರುಗಾಡಿದವರು ನಮ್ಮಲ್ಲಿ ಬೇರೆ ಯಾರಿಲ್ಲ.

ಇನ್ನು ಖಾಸ ನಮ್ಮೂರು. ಮಾಯಕೊಂಡಕ್ಕೂ ಜನ ಹಿಂಡುಹಿಂಡಾಗಿ ಬಂದ ಕಾಲವೊಂದಿತ್ತು, 1748ರಲ್ಲಿ. ಬಿದನೂರು, ರಾಯದುರ್ಗ, ಹರಪನಹಳ್ಳಿ, ಸವಣೂರು, ಈ ನಾಲ್ಕೂ ಕಡೆಯ ದಂಡು ಒಂದಾಗಿ ಬಂತು. ಎದುರಿಗೆ ಚಿತ್ರದುರ್ಗದ ಹಿರೇ ಮದಕರಿನಾಯಕ. ಆರ್ಕಾಟಿನ ನವಾಬಗಿರಿ ತನ್ನದೆನ್ನುತ್ತಿದ್ದ ಚಂದಾ ಸಾಹೇಬ ಅಷ್ಟು ದೂರದಿಂದ ಬಂದು ದುರ್ಗದವರ ಪಕ್ಷ ಸೇರಿಕೊಂಡಿದ್ದ. ಮದಕರಿನಾಯಕ ಆನೆಯ ಮೇಲಿದ್ದಾಗಲೇ ಹರಪನಹಳ್ಳಿಯ ಸೋಮಶೇಖರ ನಾಯಕನ ಕೈಯಲ್ಲಿ ಮಡಿದ. ಚಂದಾ ಸಾಹೇಬ ಸೆರೆಸಿಕ್ಕ. ದುರ್ಗದ ಕೋಟೆಗೆ ಹೋಗಿ ಓಬವ್ವನ ಕಿಂಡಿಯಲ್ಲಿ ತಲೆ ತೂರಿಸಿ ಫೋಟೊ ತೆಗೆಸಿಕೊಳ್ಳುವ ಜನಕ್ಕೆ, ಅವಳ ಕಾಲದ ಮದಕರಿಗಿಂತ ಹಿಂದಿನ ಮದಕರಿಯೊಬ್ಬ ಇಲ್ಲಿ ಬಿದ್ದ ಎಂಬುದು ತಿಳಿಯದು. ಆ ಯುದ್ಧದ ನಂತರ ನಮ್ಮೂರಿಗೆ ಹೊರಗಿನವರು ದಂಡು ಕಟ್ಟಿಕೊಂಡು ಬರುವುದು ವಿಧಾನಸಭಾ ಚುನಾವಣೆಗೆ ಮಾತ್ರ. ಆಗಲೂ ಎರಡು ಮೂರು ಪಕ್ಷ ಒಂದಾಗಿ ಬರುವುದುಂಟು.

ಆನಗೋಡಿಗೆ ನಾವು ಹೋಗಿದ್ದು ಬಿತ್ತನೆ ಬೀಜ ತರುವ ಲೆಕ್ಕದಲ್ಲಿ. ಅಲ್ಲಿ ಹೆದ್ದಾರಿಯ ಬದಿಗೆ ಇಂದಿರಾ ಪ್ರಿಯದರ್ಶಿನಿ ಕಿರು ಮೃಗಾಲಯವಿದೆ. ಬೆಂಗಳೂರು–ಪುಣೆ ರಸ್ತೆಯಲ್ಲಿ ದಿನಕ್ಕೆ ಸಾವಿರಾರು ಕಾರುಗಳು ಅದರ ಮುಂದೆಯೇ ಹಾದುಹೋಗುತ್ತವೆ. ಬ್ರೇಕ್ ಒತ್ತುವವರು ಕಡಿಮೆ. ಅಪ್ಪ ಮೊದಲು ಅಲ್ಲೇ ಸಮೀಪದ ರೈತ ಹುತಾತ್ಮರ ಸ್ಮಾರಕದ ಮುಂದೆ ಗಾಡಿ ನಿಲ್ಲಿಸಿ ಇಳಿದ. 1992ರ ಗೋಲಿಬಾರಿನಲ್ಲಿ ಸತ್ತವರ ಸ್ಮಾರಕ ಅದು. ಹೆಗಲ ಮೇಲಿನ ಹಸಿರು ಟವೆಲ್ಲನ್ನು ಸರಿಮಾಡಿಕೊಂಡು ಒಂದು ನಿಮಿಷ ನಿಂತು, ಏನೂ ಮಾತಾಡದೆ ಬಂದು ಕೂತ. ಮೃಗಾಲಯದೊಳಗೆ ಅಮ್ಮನಿಗೆ ಟಿಕೆಟ್ಟಿನದೇ ಚಿಂತೆ. ನವಿಲಿನ ಪಂಜರದ ಮುಂದೆ ಅವಳ ಸಿಟ್ಟು ನೆತ್ತಿಗೇರಿತು. "ನಮ್ ಶೇಂಗಾ ಹೊಲದಾಗೆ ದಿನಾ ಹತ್ತು ಬರ್ತವೆ. ಓಡ್ಸಿ ಓಡ್ಸಿ ನಿಮ್ಮಪ್ಪನ ಗಂಟಲು ಬಿದ್ದೋಗೈತೆ. ಇಲ್ಲಿ ದುಡ್ಡು ಕೊಟ್ಟು ನೋಡ್ಬೇಕಾ?" ಚಿರತೆ ನಮ್ಮ ಕಡೆ ಬೆನ್ನು ಮಾಡಿ ಮಲಗಿತ್ತು. ಮಕ್ಕಳು ಅದು ಏಳಲಿ ಎಂದು ಕಾದರು. "ಉಂಡೈತೆ, ಮಲಗೈತೆ. ನಿಮ್ಮ ದಾವಣಗೆರೆ ದೊಡ್ಡಪ್ಪನೂ ಭಾನುವಾರ ಹಿಂಗೇ ಅಲ್ವಾ?" ಎಂದು ಅಮ್ಮ ಸಮಜಾಯಿಷಿ ಕೊಟ್ಟಳು. ಬೀಜ ತರುವುದು ಮರೆತುಹೋಯಿತು. ಅದರಿಂದ ಲಾಭವೇ ಆಯಿತು, ಮುಂದಿನ ವಾರ ಇನ್ನೊಮ್ಮೆ ಹೋಗಲು ಕಾರಣ ಸಿಕ್ಕಿತು.

ಉಳುಕಿದ ಕಾಲಿನ ವಿಷಯಕ್ಕೆ ಬರುತ್ತೇನೆ. ಸಂತೇಬೆನ್ನೂರಿಗೆ ಹೋಗಿ, ಕಾಲಿನ ಯಜಮಾನರನ್ನು ತೋಟದಿಂದ ಕರೆಸಿ, ಮಾತಾಡಿಸುವ ಶಾಸ್ತ್ರ ಮುಗಿಸಿ, "ಹೆಂಗೂ ಬಂದೀವಿ" ಎಂಬ ನಮ್ಮ ಮನೆಯ ಮಂತ್ರ ಹೇಳಿ ಪುಷ್ಕರಣಿಯತ್ತ ಹೊರಟೆವು. ಇಂಥದೊಂದು ಕೊಳ ಹಂಪಿಯಲ್ಲಿದ್ದಿದ್ದರೆ ಅದರ ಚಿತ್ರ ಕ್ಯಾಲೆಂಡರುಗಳಲ್ಲಿ ಬರುತ್ತಿತ್ತು. ಸಂತೇಬೆನ್ನೂರಿನಲ್ಲಿರುವುದರಿಂದ ಸುತ್ತ ಮನೆಗಳು, ಮನೆಗಳ ಮುಂದೆ ಒಣಗಲು ಹಾಕಿದ ಅಡಿಕೆ. ಹದಿನಾರನೆಯ ಶತಮಾನದಲ್ಲಿ ಇಲ್ಲಿನ ಪಾಳೆಯಗಾರ ಕೆಂಗ ಹನುಮಂತಪ್ಪ ನಾಯಕ ಕಟ್ಟಿಸಿದ್ದು. ನಾಲ್ಕೂ ಕಡೆ ಅಚ್ಚುಕಟ್ಟಾಗಿ ಇಳಿಯುವ ಕಲ್ಲಿನ ಮೆಟ್ಟಿಲು, ನಡುನೀರಿನಲ್ಲಿ ವಸಂತ ಮಂಟಪ, ದಡದಲ್ಲಿ ಮುಸಾಫಿರ್‌ಖಾನೆ. ನಾಯಕ ಕಟ್ಟಿಸಿದ್ದ ರಂಗನಾಥನ ಗುಡಿಯನ್ನು ಬಿಜಾಪುರದ ರಣದುಲ್ಲಾ ಖಾನ್ ಕೆಡವಿದ, ಅಲ್ಲಿ ಮಸೀದಿಯ ಕಟ್ಟಡ ಎದ್ದಿತು. ನಾಯಕರ ಮನೆತನ ಆಮೇಲೆ ತರೀಕೆರೆಗೆ ಹೋಯಿತು. ಕೊಳ ಎಲ್ಲಿಗೂ ಹೋಗಲಿಲ್ಲ.

ನಮ್ಮ ಮನೆಯವರು ಇತಿಹಾಸಕ್ಕೆ ಬಗ್ಗುವವರಲ್ಲ. ಅಪ್ಪ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು ಕಲ್ಲಿನ ಸಂದುಗಳನ್ನೇ ಬಹಳ ಹೊತ್ತು ನೋಡಿದ. "ಗಾರೆ ಇಲ್ಲ ನೋಡು. ಆದ್ರೂ ಕಲ್ಲು ಕದಲಿಲ್ಲ. ನಮ್ ಕೃಷಿಹೊಂಡ ಕಟ್ಟಿ ಎರಡು ಮಳೆಗಾಲಕ್ಕೆ ಮಗ್ಗಲು ಕುಸೀತು." ಆ ಹೊಂಡದ ಗುತ್ತಿಗೆದಾರನನ್ನು ಕೆಂಗ ಹನುಮಂತಪ್ಪ ನಾಯಕನ ಸಾಕ್ಷಿಯಾಗಿ ಒಂದಿಷ್ಟು ಬೈದ. ಮಗಳು ಮೀನು ಎಣಿಸಿದಳು, ಪ್ರತಿ ಸಲ ಬೇರೆ ಬೇರೆ ಲೆಕ್ಕ ಬಂತು. ನನ್ನಾಕೆ ವಸಂತ ಮಂಟಪವನ್ನು ಹಿನ್ನೆಲೆಗಿಟ್ಟು ಫೋಟೊ ತೆಗೆಸಿಕೊಂಡು ದಾವಣಗೆರೆಯ ಅಕ್ಕನಿಗೆ ಕಳಿಸಿದಳು. ಎರಡೇ ನಿಮಿಷಕ್ಕೆ ಷಡ್ಡಕರ ಫೋನ್. "ರಾಜಸ್ಥಾನಕ್ಕೆ ಹೋಗೀರಾ? ಒಂದ್ ಮಾತು ಹೇಳ್ಬಾರ್ದಾ?" ಎಂದರು, ದನಿಯಲ್ಲಿ ನಿಜವಾದ ನೋವಿತ್ತು. ಸಂತೇಬೆನ್ನೂರು ಎಂದಾಗ ನಂಬಲಿಲ್ಲ. ಆ ಊರಿನ ಮೇಲೆ ಹಾದು ಅವರು ಚನ್ನಗಿರಿಗೆ ನೆಂಟರ ಮನೆಗೆ ಹೋಗಿ ಬಂದಿದ್ದು ಲೆಕ್ಕವಿಲ್ಲದಷ್ಟು ಸಲ.

ಅಲ್ಲಿಂದ ಸೂಳೆಕೆರೆಗೆ ಹೋಗಲು ಬೇರೆ ನೆಪ ಬೇಕಾಗಲಿಲ್ಲ, "ಇಲ್ಲೇ ಐತಲ್ಲ" ಎಂಬ ಒಂದು ಮಾತು ಸಾಕಾಯಿತು. ಏರಿಯ ಮೇಲೆ ಕಾಲಿಟ್ಟ ಕೂಡಲೇ ಪ್ರತಿಯೊಬ್ಬ ಕನ್ನಡಿಗನೂ "ಏಷ್ಯಾದಾಗೆ ಎರಡನೇ ದೊಡ್ಡ ಕೆರೆ" ಎಂದು ಹೇಳಲೇಬೇಕೆಂಬ ಕಾನೂನಿದೆಯೇನೋ. ನಮಗಿಂತ ಮುಂಚೆ ಬಂದವರು ಹೇಳಿದರು, ನಾವು ಹೇಳಿದೆವು, ಮಿರ್ಚಿ ಬಿಡುತ್ತಿದ್ದವನೂ ಹೇಳಿದ. "ಮೊದಲನೇದು ಯಾವ್ದು?" ಎಂದು ಮಗ ಕೇಳಿದಾಗ ಮೂವರೂ ನೀರು ನೋಡಿದೆವು. ಆರೂವರೆ ಸಾವಿರ ಎಕರೆ ಎಂದು ಹೇಳುವ ವಿಸ್ತಾರ. ಸರ್ಕಾರಿ ಫಲಕದಲ್ಲಿ ಶಾಂತಿಸಾಗರ. ಎರಡು ಗುಡ್ಡಗಳ ಸಂದಿಗೆ ಒಂದು ಏರಿ ಹಾಕಿ ನಿಲ್ಲಿಸಿದ ನೀರು. ಚಿತ್ರದುರ್ಗದವರು ಕುಡಿಯುವುದೂ ಇದನ್ನೇ.

ಮಗನ ಮುಂದಿನ ಪ್ರಶ್ನೆ ಹೆಸರಿನ ಬಗ್ಗೆ ಬಂದೇ ಬಂತು. ನಾನು ಚಪ್ಪಲಿಯ ಉಂಗುಷ್ಠ ಸರಿಮಾಡಿಕೊಂಡೆ. ನನ್ನಾಕೆ ಮಂಡಕ್ಕಿಗೆ ಈರುಳ್ಳಿ ಕಡಿಮೆಯಾಯಿತೆಂದು ಅಂಗಡಿಯತ್ತ ನಡೆದಳು. ಅಮ್ಮನೇ ಸಲೀಸಾಗಿ ಹೇಳಿದಳು. ಶಾಂತವ್ವ ಅಂತ ರಾಜನ ಮಗಳು ಕೆರೆ ಕಟ್ಟಿಸಬೇಕೆಂದು ಹೊರಟಳಂತೆ. ಜಾಗ ಸೂಳೆಯರದಾಗಿತ್ತಂತೆ. ಕೊಡ್ತೀವಿ, ಆದರೆ ಕೆರೆಗೆ ನಮ್ಮ ಹೆಸರು ಇರಬೇಕು ಅಂದರಂತೆ. ಆಯ್ತು ಅಂದಳಂತೆ. "ಜಾಗ ಕೊಟ್ಟೋರ ಹೆಸರು ಇಟ್ರು. ಅದ್ರಾಗೆ ಏನೈತೆ?" ಎಂದಳು. ನಮ್ಮೂರ ಬಸ್ ತಂಗುದಾಣಕ್ಕೆ ಜಾಗ ಬಿಟ್ಟುಕೊಟ್ಟ ಮನೆತನದವರ ಹೆಸರು ಅದರ ಗೋಡೆಯ ಮೇಲೆ ಎಲ್ಲೂ ಇಲ್ಲ; ಟೇಪು ಕತ್ತರಿಸಿದವರ ಹೆಸರು ಒಂದಡಿ ಅಕ್ಷರದಲ್ಲಿದೆ. ರಾಜಕುಮಾರಿ ಕೊಟ್ಟ ಮಾತನ್ನು ಜನ ಇನ್ನೂ ನಡೆಸಿಕೊಂಡು ಬಂದಿದ್ದಾರೆ, ಫಲಕ ಬರೆಸಿದವರಿಗೆ ಮಾತ್ರ ಆ ಹೆಸರು ಬಾಯಿಗೆ ಬರುವುದಿಲ್ಲ.

ಹೊದಿಗೆರೆಗೆ ಹೋಗಿದ್ದು ಅಡಿಕೆ ಸಸಿಯ ನೆಪದಲ್ಲಿ. ಚನ್ನಗಿರಿ ತಾಲೂಕಿನ ಈ ಊರಿನಲ್ಲಿ ಶಿವಾಜಿಯ ತಂದೆ ಶಹಾಜಿಯ ಸಮಾಧಿಯಿದೆ. ಬೆಂಗಳೂರನ್ನು ಜಹಗೀರಾಗಿ ಪಡೆದು ಆಳಿದ ಮನುಷ್ಯ, 1664ರಲ್ಲಿ ಬೇಟೆಗೆ ಹೋದಾಗ ಕುದುರೆಯಿಂದ ಬಿದ್ದು ಇಲ್ಲಿ ತೀರಿಕೊಂಡ. ನಾವು ಹೋದಾಗ ಬೇರೆ ಯಾರೂ ಇರಲಿಲ್ಲ. ಸಸಿ ಕೊಡಬೇಕಾದವರು ಕಾಯುತ್ತಿದ್ದುದರಿಂದ ಬೇಗ ಹೊರಟೆವು. ಮಹಾರಾಷ್ಟ್ರದ ಕೋಟೆಗಳನ್ನೆಲ್ಲ ಹತ್ತಿ ಇಳಿದು, ರಾಯಗಡದ ಮೇಲೆ ನಿಂತ ಫೋಟೊವನ್ನು ಹಾಲ್‌ನಲ್ಲಿ ತೂಗುಹಾಕಿರುವ ಷಡ್ಡಕರಿಗೆ ಇದನ್ನು ಹೇಳಿದೆ. "ಅದ್ಯಾವ್ದೋ ಬೇರೆ ಶಹಾಜಿ ಇರ್ಬೇಕು ಬಿಡ್ರಿ" ಎಂದರು. ಚನ್ನಗಿರಿ ರಸ್ತೆಯಲ್ಲಿ ಅಷ್ಟು ದೊಡ್ಡ ಮನುಷ್ಯ ಇರಲು ಸಾಧ್ಯವೇ ಇಲ್ಲವೆಂಬುದು ಅವರ ಖಚಿತ ಅಭಿಪ್ರಾಯ.

ಹರಿಹರದ ಕಥೆ ಸ್ವಲ್ಪ ದೊಡ್ಡದು. ಅಲ್ಲಿಗೆ ನಾವು ರೈಲಿನಲ್ಲೇ ಹೋಗುವುದು. ಮಾಯಕೊಂಡ ಸ್ಟೇಷನ್ನಿನಲ್ಲಿ ನಿಲ್ಲುವ ಗಾಡಿಗಳು ಕಡಿಮೆ, ನಿಲ್ಲದೆ ಹೋಗುವವು ಬಹಳ. 2023ರಿಂದ ಬೆಂಗಳೂರು–ಧಾರವಾಡದ ವಂದೇ ಭಾರತ್ ಬೇರೆ. ಅದು ಹೋದ ಮೇಲೆ ನಮ್ಮ ಪ್ಲಾಟ್‌ಫಾರ್ಮಿನಲ್ಲಿ ಉಳಿಯುವುದು ಧೂಳು, ಮತ್ತು "ಹೋಯ್ತು ನೋಡು" ಎಂಬ ಮಾತು. ಪ್ಯಾಸೆಂಜರ್ ಗಾಡಿ ಮಾತ್ರ ಮರ್ಯಾದಸ್ತ. ನಿಲ್ಲುತ್ತದೆ, ಬುತ್ತಿಚೀಲ ಹತ್ತಿಸುವವರೆಗೆ ತಾಳುತ್ತದೆ. ಕೊಡಗನೂರು, ವಿಶ್ವವಿದ್ಯಾನಿಲಯ ಇರುವ ತೋಳಹುಣಸೆ, ದಾವಣಗೆರೆ, ಆಮೇಲೆ ಹರಿಹರ. ಅವತ್ತಿನ ನೆಪ ನಿಶ್ಚಿತಾರ್ಥದ್ದು. ಚಿಕ್ಕಪ್ಪನೂ ಜೊತೆಗಿದ್ದ.

ಚಿಕ್ಕಪ್ಪ ಹರಿಹರದ ಮೈಸೂರು ಕಿರ್ಲೋಸ್ಕರದಲ್ಲಿ ಟರ್ನರ್ ಆಗಿದ್ದವನು. 1941ರಲ್ಲಿ ಶುರುವಾದ ಆ ಕಾರ್ಖಾನೆಯ ಲೇತ್‌ಗಳು ದೇಶದ ಮೂಲೆಮೂಲೆಗೆ ಹೋದವು. ನಮ್ಮ ಕಡೆ ಹುಡುಗಿ ಕೊಡುವಾಗ "ಹುಡುಗ ಕಿರ್ಲೋಸ್ಕರದಾಗೆ ಇದಾನೆ" ಎಂದರೆ ಮುಂದಿನ ವಿಚಾರಣೆ ಬೇಕಿರಲಿಲ್ಲ. ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿತು. ಚಿಕ್ಕಪ್ಪನ ಒಳಗೆ ಮಾತ್ರ ಅದು ಮೂರು ಶಿಫ್ಟಿನಲ್ಲಿ ಈಗಲೂ ನಡೆಯುತ್ತಿದೆ. ಬಾಗಿಲ ಚಿಲಕ, ಸೈಕಲ್ಲಿನ ಹಬ್, ಚಪಾತಿ ಲಟ್ಟಣಿಗೆ, ಯಾವುದನ್ನೇ ಕೈಗೆ ಕೊಟ್ಟರೂ ಮೊದಲು ಉಗುರಿನಿಂದ ಸವರಿ ಫಿನಿಶಿಂಗ್ ಪರೀಕ್ಷೆ ಮಾಡುತ್ತಾನೆ. ನಿಶ್ಚಿತಾರ್ಥದ ಉಂಗುರವನ್ನೂ ಸವರಿ ನೋಡಿದ. ಹುಡುಗಿಯ ಕಡೆಯವರು, ಅವನು ತೂಕದ ಬಗ್ಗೆ ಅನುಮಾನ ಪಟ್ಟಿದ್ದಾನೆಂದು ತಿಳಿದು ಮುಖ ಗಂಟಿಕ್ಕಿಕೊಂಡರು, ಅದನ್ನು ಬಿಡಿಸಲು ಅರ್ಧ ಗಂಟೆ ಹಿಡಿಯಿತು.

ಊಟವಾದ ಮೇಲೆ "ಹೆಂಗೂ ಬಂದೀವಿ" ಎಂದು ಹರಿಹರೇಶ್ವರನ ಗುಡಿಗೆ ಹೋದೆವು. ಹೊಯ್ಸಳ ಇಮ್ಮಡಿ ನರಸಿಂಹನ ಮಂತ್ರಿ ಪೋಲಾಳ್ವ ದಂಡನಾಥ 1224ರ ಸುಮಾರಿಗೆ ಕಟ್ಟಿಸಿದ ಗುಡಿ. ಬೇಲೂರು ಹಳೇಬೀಡಿನಂತೆ ಹೊರಗೋಡೆಯಲ್ಲಿ ಕೆತ್ತನೆಯ ಸಂತೆಯಿಲ್ಲ. ಇಲ್ಲಿನ ಐಶ್ವರ್ಯ ಒಳಗಿನ ಮಂಟಪದ ಕಂಬಗಳಲ್ಲಿ. ಚಿಕ್ಕಪ್ಪ ಇದೇ ಊರಲ್ಲಿ ಇಷ್ಟು ವರ್ಷ ಕೆಲಸ ಮಾಡಿದವನು, ಗುಡಿಗೆ ಬಂದಾಗಲೆಲ್ಲ ನೇರ ದೇವರ ಮುಂದೆ ಹೋಗಿ ಕೈಮುಗಿದು ಶಿಫ್ಟಿಗೆ ಓಡುತ್ತಿದ್ದನಂತೆ. ಅವತ್ತು ಶಿಫ್ಟ್ ಇರಲಿಲ್ಲ. ಕಂಬವೊಂದರ ಮುಂದೆ ನಿಂತ. ದುಂಡನೆಯ ಕಂಬ, ನಡುವೆ ಗಂಟೆಯಾಕಾರ, ಅದರ ಕೆಳಗೆ ಮೇಲೆ ಒಂದರ ಪಕ್ಕ ಒಂದು ಕೂದಲೆಳೆಯಷ್ಟು ಸಣ್ಣ ಬಳೆಗಳು. ಹೆಬ್ಬೆರಳಿನ ಉಗುರನ್ನು ಒಂದು ಬಳೆಯ ಸಂದಿಗಿಟ್ಟು ಕಂಬದ ಸುತ್ತ ನಿಧಾನಕ್ಕೆ ಬಂದ. ಪೂರ್ತಿ ಒಂದು ಸುತ್ತು. ಉಗುರು ಎಲ್ಲೂ ತೊಡರಲಿಲ್ಲ, ಹೊರಟಲ್ಲಿಗೇ ಬಂದು ನಿಂತಿತು. ಪಕ್ಕದ ಕಂಬಕ್ಕೂ ಅದೇ ಪರೀಕ್ಷೆ. ಆಮೇಲೆ ನನ್ನ ಮಗನನ್ನು ಕರೆದ.

"ಇದನ್ನ ಕೈಯಾಗೆ ಕೆತ್ತಿಲ್ಲ ಮರಿ. ಕಲ್ಲನ್ನ ತಿರುಗ್ಸಿ, ಉಳಿ ಹಿಡ್ದಾರೆ. ಲೇತ್ ಇದು."

"ಕರೆಂಟ್ ಎಲ್ಲಿತ್ತು ಅಜ್ಜ ಆಗ?"

"ಈಗೆಲ್ಲೈತೆ?"

ಚಿಕ್ಕಪ್ಪ ಹೇಳಿದ್ದು ಸುಳ್ಳಲ್ಲ. ಹೊಯ್ಸಳರ ಇಂಥ ಕಂಬಗಳನ್ನು ತಿರುಗಣಿಗೆ ಕೊಟ್ಟೇ ಮಾಡುತ್ತಿದ್ದರೆಂಬುದು ತಿಳಿದವರ ಮಾತು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಅಂತೂ ಲೇತಿಗೆ ಹೆಸರಾದ ಊರಿನಲ್ಲಿ ಲೇತಿನ ಕೆಲಸ ಏಳುನೂರು ವರ್ಷ ಮೊದಲೇ ಬಂದು ಕೂತಿತ್ತು, ಒಬ್ಬ ಟರ್ನರ್ ನಿವೃತ್ತನಾಗಿ, ಯಾರದೋ ನಿಶ್ಚಿತಾರ್ಥದ ಊಟ ಮಾಡಿ ಬರುವವರೆಗೆ ಅದು ಕಾಯಬೇಕಾಯಿತು. ಸುಮಾರು ಕಂಬಗಳನ್ನು ಸವರಿದ ಮೇಲೆ ಚಿಕ್ಕಪ್ಪ ಕೈ ಒರೆಸಿಕೊಂಡು "ಪಾಸ್" ಎಂದ. ಪೋಲಾಳ್ವ ದಂಡನಾಥನಿಗೆ ಇದಕ್ಕಿಂತ ಕಡಕ್ ಇನ್‌ಸ್ಪೆಕ್ಷನ್ ಆಗಿರಲಿಕ್ಕಿಲ್ಲ.

ಗರ್ಭಗುಡಿಯ ದೇವರ ಬಗ್ಗೆ ಎರಡು ಮಾತು ಹೇಳಲೇಬೇಕು. ಬಲಭಾಗ ಹರ, ಎಡಭಾಗ ಹರಿ. ಗುಹಾಸುರ ತನಗೆ ಹರಿಯಿಂದಲೂ ಸಾವು ಬರಬಾರದು, ಹರನಿಂದಲೂ ಬರಬಾರದು ಎಂದು ವರ ಪಡೆದಿದ್ದನಂತೆ. ಇಬ್ಬರೂ ಅರ್ಧರ್ಧ ಸೇರಿ ಬಂದು ಕೆಲಸ ಮುಗಿಸಿದರು. ಕುಟುಂಬ ಕಟ್ಟಿಕೊಂಡು ಒಂದು ದಿನ ಹೊರಗೆ ಹೋದವರು ಯಾರೇ ಆದರೂ ಈ ಮೂರ್ತಿಯ ಮುಂದೆ ಒಂದು ಕ್ಷಣ ಹೆಚ್ಚೇ ನಿಲ್ಲುತ್ತಾರೆ. ನಮ್ಮ ಗುಂಪಿನಲ್ಲಿ ಅರ್ಧ ಜನಕ್ಕೆ ಗುಡಿ ಬೇಕು, ಅರ್ಧ ಜನಕ್ಕೆ ಹೊಳೆ ಬೇಕು. ಅರ್ಧಕ್ಕೆ ಮಧ್ಯಾಹ್ನವೇ ಮನೆಗೆ ಹೋಗಬೇಕು, ಎಮ್ಮೆ ಕಾಯುತ್ತಿದೆ. ಅರ್ಧಕ್ಕೆ ದಾವಣಗೆರೆಯಲ್ಲಿಳಿದು ದೋಸೆ ತಿನ್ನದೆ ಹೋಗುವ ಮಾತೇ ಇಲ್ಲ. ನನ್ನಾಕೆಯ ತವರಿನವರು ಜೊತೆಗಿದ್ದರೆ ಈ ಅರ್ಧಗಳು ಕಾಲುಗಳಾಗುತ್ತವೆ. "ದೇವರಿಗೇ ಅರ್ಧ ಬಿಟ್ಕೊಟ್ಟು ಹೊಂದ್ಕಂಡು ಹೋಗೋದು ಗೊತ್ತೈತೆ" ಎಂದು ಅಮ್ಮ ನನ್ನಾಕೆಗೆ ಕೇಳುವಂತೆ ಹೇಳಿದಳು. "ಹೌದತ್ತೆ, ಇಬ್ರೂ ಬಿಟ್ಕೊಟ್ಟಾರೆ" ಎಂದು ನನ್ನಾಕೆ ಅಮ್ಮನಿಗೆ ಕೇಳುವಂತೆ ಹೇಳಿದಳು. ನಾನು ತೀರ್ಥ ತೆಗೆದುಕೊಂಡೆ.

ಹೊಳೆಗೂ ಹೋದೆವು, ಎಮ್ಮೆಯ ಪಕ್ಷ ಸೋತಿತು. ಸೂಳೆಕೆರೆಯಿಂದ ಹೊರಟ ಹರಿದ್ರಾ ಎಂಬ ಹಳ್ಳ ಇಲ್ಲಿಯೇ ತುಂಗಭದ್ರೆಗೆ ಕೂಡುತ್ತದೆ. ಕೆರೆ ನೋಡಲು ನಮಗೊಂದು ಉಳುಕಿದ ಕಾಲು, ಅದರ ನೀರು ಸೇರುವ ಜಾಗ ನೋಡಲು ಒಂದು ನಿಶ್ಚಿತಾರ್ಥ ಬೇಕಾಯಿತು. ನೀರು ಯಾವ ಕಾರಣವನ್ನೂ ಕೊಡದೆ ಬಂದಿತ್ತು.

ಇನ್ನೂ ಕೆಲವು ಇವೆ. ಕೊಂಡಜ್ಜಿಯ ಕೆರೆ, ಕಾಡು, ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರದ ಜಾಗ. ಮಗಳ ಶಾಲೆಯವರೇ ಕರೆದೊಯ್ದಿದ್ದರಿಂದ ಅಮ್ಮ ಅದನ್ನು ಪಾಠದ ಲೆಕ್ಕಕ್ಕೆ ಹಾಕಿದಳು. ಬಾತಿ ಗುಡ್ಡದ ದರ್ಗಾ. ಹೊಳೆದಂಡೆಯ ಉಕ್ಕಡಗಾತ್ರಿಯ ಅಜ್ಜಯ್ಯನ ಗದ್ದುಗೆ. ಅಲ್ಲಿಗೆ ಹರಕೆ ಬಿಟ್ಟು ಬೇರೆ ನೆಪದಲ್ಲಿ ಹೋಗುವ ಧೈರ್ಯ ನಮ್ಮ ಕಡೆ ಯಾರಿಗೂ ಇಲ್ಲ. ಜಗಳೂರಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗಾಗಿಯೇ ಒಂದು ಅಭಯಾರಣ್ಯವಿದೆ. ನಾಲ್ಕು ಕೊಂಬಿನ ಪ್ರಾಣಿ. ಅದನ್ನು ನೋಡಿದೆವೆಂದು ಹೇಳಿದವರು ಒಬ್ಬರೂ ನನಗೆ ಇನ್ನೂ ಸಿಕ್ಕಿಲ್ಲ, ಪ್ರಾಣಿಗೆ ಅದರಿಂದ ಒಳ್ಳೆಯದೇ ಆಗಿದೆ.

ಮಾಯಕೊಂಡದಲ್ಲಿ ಯಾರೂ ಯಾರನ್ನೂ ಎಲ್ಲಿಗೆ ಹೊಂಟ್ರಿ ಎಂದು ಕೇಳದ ದಿನ ವರ್ಷಕ್ಕೊಂದಿದೆ, ಸೀಗೆ ಹುಣ್ಣಿಮೆ. ಅವತ್ತು ಎಲ್ಲರೂ ಹೊಲಕ್ಕೇ ಹೋಗುವುದು. ಹೋಳಿಗೆ, ಕಡುಬು, ಎಣಗಾಯಿ, ಮೊಸರನ್ನ ಬುಟ್ಟಿಯಲ್ಲಿ ಹೊತ್ತು, ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜೆ ಮಾಡಿ, ಹೊಲದ ಸುತ್ತ ಚರಗ ಚೆಲ್ಲಿ, ಬನ್ನಿ ಮರವೋ ಬೇವಿನ ಮರವೋ ಸಿಕ್ಕಲ್ಲಿ ಪಂಕ್ತಿ ಕೂರುವುದು. ಹೋದ ವರ್ಷ ಷಡ್ಡಕರ ಮನೆಯವರನ್ನೂ ಕರೆದೆವು. ಷಡ್ಡಕರು ಎರಡು ಹೋಳಿಗೆ ಮುಗಿಸಿ, ಮೂರನೆಯದಕ್ಕೆ ತುಪ್ಪ ಹಾಕಿಸಿಕೊಂಡು, ಬೇವಿನ ಮರಕ್ಕೆ ಒರಗಿ, "ರೆಸಾರ್ಟ್‌ನಾಗೆ ಇದಕ್ಕೇ ತಲೆಗೆ ಎರಡು ಸಾವಿರ ತಗೋತಾರೆ ಕಣ್ರೀ" ಎಂದರು. ಹೊಗಳಿಕೆ ಎಂದು ನಾವು ತಿಳಿದುಕೊಂಡೆವು. ಅಮ್ಮ ಮಾತ್ರ ಎದ್ದು ತಲೆ ಎಣಿಸಿದಳು. ಅಷ್ಟರಲ್ಲಿ ನವಿಲುಗಳು ಶೇಂಗಾ ಸಾಲಿಗೆ ಇಳಿದವು. ಅಪ್ಪ ಕವಣೆ ತೆಗೆದರೆ ದಾವಣಗೆರೆಯ ಮಕ್ಕಳು ಮೊಬೈಲ್ ತೆಗೆದು, ಓಡಿಸಬೇಡಿ ಅಜ್ಜ ಎಂದು ಅವನ ಕೈ ಹಿಡಿದುಕೊಂಡವು. ಎಷ್ಟು ಫೋಟೊ ತೆಗೆದವೋ ಅಷ್ಟು ಶೇಂಗಾ ಹೋಯಿತು.

ಷಡ್ಡಕರು ಈಗ ಸಂತೇಬೆನ್ನೂರಿಗೂ ಹೋಗಿ ಬಂದಿದ್ದಾರೆ, ತಾವೇ ಕಂಡುಹಿಡಿದಂತೆ ಎಲ್ಲರಿಗೂ ಹೇಳುತ್ತಿದ್ದಾರೆ. ಒಳ್ಳೆಯದೇ. ನೀವೂ ಹೊರಡುವುದಿದ್ದರೆ ದಸರಾ ಕಳೆದು ಸಂಕ್ರಾಂತಿಯೊಳಗೆ ಹೊರಡಿ. ಕೆರೆಗಳಲ್ಲಿ ನೀರಿರುತ್ತದೆ, ಬಿಸಿಲು ತಡೆಯಬಹುದು. ಸಂತೇಬೆನ್ನೂರು, ಸೂಳೆಕೆರೆ ಒಂದು ದಿನ ಮಾಡಿ. ಹರಿಹರಕ್ಕೆ ಇನ್ನೊಂದು ದಿನ ಇಡಿ, ಕಂಬ ಸವರಲು ಹೊತ್ತು ಬೇಕು. ದಾರಿಯಲ್ಲಿ ಹೋಟೆಲ್ ಹುಡುಕುವ ಬದಲು ಬುತ್ತಿ ಕಟ್ಟಿಕೊಳ್ಳಿ, ಅನ್ನಕ್ಕಿಂತ ರೊಟ್ಟಿ ವಾಸಿ, ಕೆಡುವುದಿಲ್ಲ. ಪುಷ್ಕರಣಿಯ ಮೆಟ್ಟಿಲ ಮೇಲೆ ಉಣ್ಣಬೇಡಿ, ಪ್ಲಾಸ್ಟಿಕ್ ತಟ್ಟೆಯನ್ನು ನೀರಿಗೆ ಬಿಡಬೇಡಿ. ಸೂಳೆಕೆರೆಯ ಏರಿಯ ಮೇಲೆ ಗಾಳಿ ಬಹಳ ಜೋರು; ಮಂಡಕ್ಕಿಯ ಪೊಟ್ಟಣವನ್ನು ಗಾಡಿಯೊಳಗೆ ಕೂತೇ ಬಿಚ್ಚಿ.